ಮೇಷ್ಟ್ರಿಗೆ ಹೇಳಿದ್ದು

ನಮ್ಮೂರಲ್ಲಿ ಹೆಣ್ಣು ಕೊಡುವವರು ಗಂಡಿನ ಮನೆಗೆ ಬಂದರೆ ಮೊದಲು ಹಿತ್ತಿಲಿಗೆ ಹೋಗಿ ಕರಿಬೇವಿನ ಗಿಡ ನೋಡುತ್ತಾರೆ. ಗಿಡ ಸೊಂಪಾಗಿದ್ದರೆ ಮಾತು ಮುಂದುವರಿಯುತ್ತದೆ. ಬಡಕಲಾಗಿದ್ದರೆ ಕಾಫಿ ಕುಡಿದು, ಆಮೇಲೆ ಹೇಳಿ ಕಳಿಸ್ತೀವಿ ಅಂತ ಎದ್ದುಬಿಡುತ್ತಾರೆ. ಯಾಕೆಂದರೆ ಉದುರಿದ ಪೊರೆಯನ್ನು ನಾವು ಹಾಕುವುದು ಕರಿಬೇವಿನ ಬುಡಕ್ಕೆ. ಗಿಡ ಬಡವಾಗಿದೆ ಎಂದರೆ ಆ ಮನೆಯಲ್ಲಿ ಯಾರೂ ಯಾರಿಗೂ ಏನೂ ಹೇಳುವುದಿಲ್ಲ, ಹೇಳಿದರೂ ಯಾರೂ ಹೇಳಿಸಿಕೊಳ್ಳುವುದಿಲ್ಲ ಎಂದು ಅರ್ಥ. ಅಂಥ ಮನೆಗೆ ಮಗಳನ್ನು ಯಾರು ಕೊಡುತ್ತಾರೆ?

ಎದುರಿಗೆ ಕೂರಿಸಿಕೊಂಡು, ಇದ್ದದ್ದನ್ನು ಇದ್ದ ಹಾಗೆ ಖಾರವಾಗಿ ಹೇಳಿದರೆ, ಕೇಳಿಸಿಕೊಂಡವರ ಕೈಯಿಂದ ಪೊರೆ ಏಳುತ್ತದೆ. ಮೊದಲು ಮೊಣಕೈ ಹತ್ತಿರ ಬಿಟ್ಟುಕೊಳ್ಳುತ್ತದೆ, ಆಮೇಲೆ ಮುಂಗೈ, ಕೊನೆಗೆ ಅಂಗೈ ಮತ್ತು ಬೆರಳ ತುದಿ. ಈರುಳ್ಳಿಯ ಒಳಸಿಪ್ಪೆಯಷ್ಟು ತೆಳು. ನೋವೇನಿಲ್ಲ, ಚುರುಗುಟ್ಟುತ್ತದೆ ಅಷ್ಟೇ. ಸುಳ್ಳು ಬೈಗುಳಕ್ಕೆ ಏನೂ ಏಳುವುದಿಲ್ಲ, ಬೈದವರ ಗಂಟಲು ಕಟ್ಟುತ್ತದೆ. ಅರ್ಧ ನಿಜ ಹೇಳಿದರೆ ಚೂರುಚೂರಾಗಿ ಎದ್ದು ಎಂಟು ದಿನ ತುರಿಕೆ. ನಮ್ಮ ಬಳೆಗಾರ ಒಂದೇ ಹೆಂಗಸಿಗೆ ಎರಡು ಅಳತೆಯ ಬಳೆ ಕೊಡುತ್ತಾನೆ, ಹೇಳಿಸಿಕೊಳ್ಳುವ ಮುಂಚಿನದು ಒಂದು, ಆಮೇಲಿನದು ಒಂದು. ಮದುವೆಗೆ ಮೂರು ದಿನ ಇರುವಾಗ ಅಜ್ಜಿಯರೆಲ್ಲ ಸೇರಿ ಮದುಮಗಳನ್ನು ಕೂರಿಸಿ ಹೇಳುತ್ತಾರೆ. ಅರಿಶಿನ ಬೇಕೇ ಇಲ್ಲ ಅನ್ನುವಷ್ಟು ಕೈ ಹೊಳೆಯುತ್ತದೆ.

ನನ್ನ ಕೆಲಸವೇ ಹೇಳುವುದು. ನಮ್ಮತ್ತೆ ಈ ಕೆಲಸ ಮಾಡುತ್ತಿದ್ದರು, ಅವರಿಂದ ನಾನು ಕಲಿತೆ. ಮನೆಯವರು ಹೇಳಿದರೆ ಹಳೆಯ ಸಿಟ್ಟೆಲ್ಲ ಸೇರಿಕೊಂಡು ಪೊರೆ ಹರಿದು ಬರುತ್ತದೆ ಅಂತ ಜನ ನಮ್ಮ ಜಗಲಿಗೆ ಬರುತ್ತಾರೆ. ಬರುವಾಗ ಒಂದು ಕುಡಿಕೆ ಕೊಬ್ಬರಿ ಎಣ್ಣೆ ತರುತ್ತಾರೆ. ಹಲಸಿನ ಮಣೆಯ ಮೇಲೆ ಕೂತು ಕೈ ಚಾಚುತ್ತಾರೆ. ನಾನು ಹೇಳಿದರೆ ಪೊರೆ ಕೈಗವಸಿನ ಹಾಗೆ ಇಡಿಯಾಗಿ ಕಳಚಿಕೊಳ್ಳುತ್ತದೆ. ಇದು ಜಂಬವಲ್ಲ, ಊರವರ ಮಾತು. ಸರಿ, ಜಂಬವೂ ಹೌದು. ಇನ್ನೊಂದು ಜಂಬ ಹೇಳಿಬಿಡುತ್ತೇನೆ: ಒಲೆಯ ಮೇಲೆ ಕುದಿಯುವ ಹಾಲಿನ ಪಾತ್ರೆಯನ್ನು ನಾನು ಬಟ್ಟೆ ಹಿಡಿಯದೆ ಬರಿಗೈಯಲ್ಲಿ ಇಳಿಸುತ್ತಿದ್ದೆ. ಅತ್ತೆ ತೀರಿಕೊಂಡು ಎರಡು ಮೂರು ವರ್ಷಕ್ಕೆ ಅದು ಸಾಧ್ಯವಾಯಿತು. ಬಂದ ಹೆಂಗಸರು ಕಣ್ಣರಳಿಸಿ ನೋಡುತ್ತಿದ್ದರು. ಅಂಬಕ್ಕನ ಕೈ ಅಂದ್ರೆ ಕೈ ಅನ್ನುತ್ತಿದ್ದರು. ನಾನು ಹಿಗ್ಗುತ್ತಿದ್ದೆ.

ಒಂದು ಬೆಳಿಗ್ಗೆ, ಹತ್ತು ಗಂಟೆ ಇರಬಹುದು, ಪರಮಶಿವಯ್ಯ ಮೇಷ್ಟ್ರು ಕೊಡೆ ಹಿಡಿದುಕೊಂಡು ನಮ್ಮ ಜಗಲಿ ಹತ್ತಿದರು. ಇನ್ನೊಂದು ಕೈಯಲ್ಲಿ ಎಣ್ಣೆಯ ಕುಡಿಕೆ. ನಾನು ಅಕ್ಕಿ ಆರಿಸುತ್ತಿದ್ದವಳು ಮೊರ ಬಿಟ್ಟು ಎದ್ದು ನಿಂತೆ. ಮೇಷ್ಟ್ರು ಮೂವತ್ತಾರು ವರ್ಷ ನಮ್ಮೂರ ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸಿದವರು. ಊರಲ್ಲಿ ಅರ್ಧ ಜನ ಅವರ ಶಿಷ್ಯರು, ಇನ್ನರ್ಧ ಶಿಷ್ಯರ ಮಕ್ಕಳು. ಪುರಸಭೆಯ ಅಧ್ಯಕ್ಷರೂ ಅವರನ್ನು ಕಂಡರೆ ಕುರ್ಚಿ ಬಿಟ್ಟು ಏಳುತ್ತಾರೆ. ಹೀಗಾಗಿ ಅವರಿಗೆ ಯಾರೂ ಯಾವತ್ತೂ ಏನೂ ಹೇಳಿದವರಲ್ಲ.

"ಕೂತ್ಕೋ ಅಂಬುಜಾಕ್ಷಿ," ಅಂದರು. ನನ್ನನ್ನು ಪೂರ್ತಿ ಹೆಸರಿನಿಂದ ಕರೆಯುವವರು ಅವರೊಬ್ಬರೇ.

"ನೀವು ಕೂತ್ಕೊಳ್ಳಿ ಸಾರ್. ಕುರ್ಚಿ ತರ್ತೀನಿ."

"ಕುರ್ಚಿ ಬೇಡ. ಮಣೆ ಹಾಕು."

ಮಣೆ ಹಾಕಿದೆ. ಅವರು ಮಣೆಯ ಮೇಲೆ ಕಷ್ಟಪಟ್ಟು ಕೂತು, ಶರಟಿನ ತೋಳು ಮಡಿಸಿ ಕೈ ತೋರಿಸಿದರು. ವರ್ಷಗಟ್ಟಲೆ ಹೇಳಿಸಿಕೊಳ್ಳದವರ ಪೊರೆ ಒಂದರ ಮೇಲೊಂದು ಕೂತು ಗಟ್ಟಿಯಾಗುತ್ತದೆ, ಅದು ಎಲ್ಲರಿಗೂ ಗೊತ್ತು. ಆದರೆ ಅಷ್ಟು ದಪ್ಪ ನಾನೂ ನೋಡಿರಲಿಲ್ಲ. ಅಂಗೈ ಹಳೆಯ ಚಪ್ಪಲಿಯ ಅಟ್ಟೆಯ ಹಾಗಿತ್ತು.

"ಬಿಸಿ ತಣ್ಣಗೆ ತಿಳಿಯದೆ ಹತ್ತು ವರ್ಷ ಆಯ್ತು," ಅಂದರು. "ಅದಕ್ಕೆ ನಾನು ತಲೆ ಕೆಡಿಸ್ಕೊಂಡಿರ್ಲಿಲ್ಲ. ಈಗ ದಾಕ್ಷಾಯಣಿಗೆ ಮಾತು ಹೋಗಿದೆಯಲ್ಲ."

ದಾಕ್ಷಾಯಣಮ್ಮ ಅವರ ಹೆಂಡತಿ. ಆಷಾಢದಲ್ಲಿ ಲಕವಾ ಹೊಡೆದು ಮಾತು ನಿಂತಿತ್ತು. ಪೆನ್ನು ಹಿಡಿಯಲು ಕೈಯಲ್ಲಿ ಬಲವಿಲ್ಲ, ಆದರೆ ಬಲಗೈಯ ತೋರುಬೆರಳು ಮಾತ್ರ ಆಡುತ್ತದೆ. ಎದುರಿಗಿದ್ದವರ ಅಂಗೈಯ ಮೇಲೆ ಅಕ್ಷರ ಗೀಚಿ ಹೇಳುತ್ತಾರೆ ಎಂದು ನಾನೂ ಕೇಳಿದ್ದೆ.

"ಅವಳು ಪಕ್ಕದ ಮನೆ ಬೀಬಿಜಾನಳ ಕೈ ಮೇಲೆ ಬರೀತಾಳೆ. ಬೀಬಿಜಾನ್ ಓದಿ ನನಗೆ ಹೇಳ್ತಾಳೆ, ಅಜ್ಜಿಗೆ ನೀರು ಬೇಕಂತೆ, ಅಜ್ಜಿಗೆ ಕಿಟಕಿ ಹಾಕ್ಬೇಕಂತೆ ಅಂತ. ನನ್ನ ಕೈ ಮೇಲೂ ಬರೀತಾಳೆ. ನನಗೆ ಏನೂ ತಿಳಿಯಲ್ಲ. ಕಣ್ಣಲ್ಲಿ ನೋಡಿ ಓದೋಣ ಅಂದ್ರೆ ಬೆರಳು ನಡುಗ್ತಾ ಇರುತ್ತೆ, ಅಕ್ಷರ ಯಾವುದು, ನಡುಕ ಯಾವುದು ಗೊತ್ತಾಗಲ್ಲ. ಮೊನ್ನೆ ಏನೋ ಉದ್ದಕ್ಕೆ ಬರೆದ್ಲು. ನಾನು ಹೋಗಿ ಶಾಲು ತಂದು ಹೊದಿಸಿದೆ. ಅವಳು ಗೋಡೆ ಕಡೆ ತಿರುಗಿ ಮಲಗಿಬಿಟ್ಲು." ಮೇಷ್ಟ್ರು ಕನ್ನಡಕ ತೆಗೆದು ಒರೆಸಿದರು. "ಬೀಬಿಜಾನ್ ಮುಂದೆ ಹೇಳದೇ ಇರೋದು ಎಷ್ಟೋ ಇರುತ್ತೆ ಕಣಮ್ಮ. ಅದೆಲ್ಲ ಹಾಗೇ ಉಳಿದುಹೋಗ್ತಾ ಇದೆ. ನನಗೆ ಹೇಳು. ಪೊರೆ ತೆಗೆದುಬಿಡು."

ಬಾಯಿ ತೆರೆದೆ. ಪುರಸಭೆಯ ಅಧ್ಯಕ್ಷರಿಗೇ ಬೆವರಿಳಿಸಿದ ನಾಲಿಗೆ ಒಂದಿಂಚು ಮೇಲೇಳಲಿಲ್ಲ. ಮೇಷ್ಟ್ರ ವಿಷಯ ಹೇಳಲು ನನ್ನ ಹತ್ತಿರ ಏನೂ ಇರಲಿಲ್ಲ ಅಂತಲ್ಲ. ಒಂದು ಇತ್ತು. ಜಾಡಿಯ ತಳದ ಹಳೆಯ ಉಪ್ಪಿನಕಾಯಿಯ ಹಾಗೆ ಬಹಳ ವರ್ಷ ಬಾಯಿ ಕಟ್ಟಿ ಇಟ್ಟಿದ್ದೆ. ಅದನ್ನು ತೆಗೆಯುವ ಧೈರ್ಯ ಬರಲಿಲ್ಲ. "ಮೊದಲು ಅಮ್ಮನ್ನ ನೋಡ್ತೀನಿ ಸಾರ್, ಆಮೇಲೆ ಹೇಳ್ತೀನಿ," ಅಂತ ಜಾರಿಕೊಂಡು ಅವರ ಜೊತೆ ಹೊರಟೆ.

ಮೇಷ್ಟ್ರ ಮನೆ ಚೊಕ್ಕಟ. ಪುಸ್ತಕ ಎಲ್ಲಿಡಬೇಕೋ ಅಲ್ಲಿ, ಚಪ್ಪಲಿ ಎಲ್ಲಿ ಬಿಡಬೇಕೋ ಅಲ್ಲಿ. ಹಿತ್ತಿಲಲ್ಲಿ ದಾಸವಾಳ, ಸೀಬೆ, ನಿಂಬೆ, ಎಲ್ಲ ಇವೆ. ಕರಿಬೇವು ಮಾತ್ರ ಇಲ್ಲ. ಒಗ್ಗರಣೆಗೆ ನಾಲ್ಕು ಎಸಳು ಬೇಕಾದರೂ ಬೀಬಿಜಾನ್ ಮನೆಯಿಂದ ಬರಬೇಕು. ದಾಕ್ಷಾಯಣಮ್ಮ ಮಂಚದ ಮೇಲೆ ದಿಂಬಿಗೆ ಒರಗಿ ಕೂತಿದ್ದರು. ನನ್ನನ್ನು ನೋಡಿ ಕಣ್ಣಲ್ಲೇ ನಕ್ಕು, ಕೈ ಕೊಡು ಎಂದು ಸನ್ನೆ ಮಾಡಿದರು. ನಾನು ಅಂಗೈ ಮುಂದೆ ಹಿಡಿದೆ. ಅವರ ಬೆರಳು ಅದರ ಮೇಲೆ ಆಡಿತು, ನಿಂತಿತು, ಮತ್ತೆ ಆಡಿತು.

ನನಗೆ ಏನೂ ತಿಳಿಯಲಿಲ್ಲ. ಪಾಪ, ಬೆರಳಲ್ಲಿ ಶಕ್ತಿಯೇ ಇಲ್ಲ, ಬೀಬಿಜಾನ್ ಸುಮ್ಮನೆ ಏನೋ ಊಹಿಸಿ ಹೇಳುತ್ತಿರಬೇಕು ಅಂದುಕೊಂಡೆ. ಆದರೆ ಮುದುಕಿಯ ಮನಸ್ಸು ನೋಯಿಸುವುದೇಕೆ? "ಹೂಂ ಅಮ್ಮ, ಆಗಲಿ, ಹಾಗೇ ಮಾಡೋಣ," ಅಂದೆ. ದಾಕ್ಷಾಯಣಮ್ಮ ನನ್ನ ಮುಖವನ್ನೇ ನೋಡಿದರು, ಸ್ವಲ್ಪ ಜಾಸ್ತಿಯೇ ಹೊತ್ತು ನೋಡಿದರು.

ಬಾಗಿಲಲ್ಲಿ ಮೇಷ್ಟ್ರು ಆತುರದಿಂದ ಕೇಳಿದರು. "ಏನಂದ್ಲು?"

"ಹೇಳಿಸ್ಕೊಳ್ಳೋಕೆ ಹೆದರ್ಬೇಡಿ ಅಂದ್ರು ಸಾರ್," ಅಂದೆ. ಅವರ ಮುಖ ಅರಳಿತು. ಒಳ್ಳೆಯ ಸುಳ್ಳು ಹೇಳಿದೆ ಅನ್ನಿಸಿತು.

ಮರುದಿನ ಅದೇ ಹೊತ್ತಿಗೆ ಬಂದರು. ಈ ಸಲ ಜೇಬಿನಲ್ಲಿ ಮಡಿಸಿದ ಕಾಗದ. "ನಿನಗೆ ಸಂಕೋಚ ಆಗುತ್ತೆ ಅಂತ ನನಗೆ ಗೊತ್ತು. ಅದಕ್ಕೆ ನನ್ನ ತಪ್ಪುಗಳನ್ನ ನಾನೇ ಬರ್ಕೊಂಡು ಬಂದಿದೀನಿ. ನೀನು ಓದಿ, ಗಟ್ಟಿಯಾಗಿ ಹೇಳಿದ್ರೆ ಸಾಕು." ಅಕ್ಷರ ಮುತ್ತಿನ ಹಾಗಿತ್ತು, ಅಡಿಗೆರೆ ಸಹ ಹಾಕಿದ್ದರು. ಕಾಲಪಾಲನೆಯಲ್ಲಿ ಅತಿಯಾದ ಕಟ್ಟುನಿಟ್ಟು. ವಿದ್ಯಾರ್ಥಿಗಳ ಮೇಲಿನ ಅಪಾರ ಪ್ರೀತಿಯನ್ನು ಹೊರಗೆ ತೋರಿಸದೆ ಇದ್ದದ್ದು. ಆರೋಗ್ಯವನ್ನೂ ಲೆಕ್ಕಿಸದೆ ದುಡಿದದ್ದು. ಎದುರಿಗೆ ಪೆದ್ದುತನ ಕಂಡರೆ ಸಹಿಸಲಾರದ ಸ್ವಭಾವ.

ಓದಿದೆ. ಗಟ್ಟಿಯಾಗಿಯೇ ಓದಿದೆ. ಎರಡನೆಯದಕ್ಕೆ ಹೆಚ್ಚು ಖಾರ ಸೇರಿಸಿ, ಕೈ ಬೇರೆ ಝಾಡಿಸಿ ಹೇಳಿದೆ. ಮೊಣಕೈ ಹತ್ತಿರ ಒಂದು ಕೂದಲೆಳೆಯಷ್ಟೂ ಏಳಲಿಲ್ಲ. ಮೇಷ್ಟ್ರು ನಿರೀಕ್ಷೆಯಿಂದ ತಮ್ಮ ಕೈಯನ್ನೇ ನೋಡುತ್ತ ಕೂತಿದ್ದರು. ನನಗೆ ತಡೆಯಲಾಗಲಿಲ್ಲ, ನಗು ಬಂದುಬಿಟ್ಟಿತು. "ಸಾರ್, ಇದು ತಪ್ಪಿನ ಪಟ್ಟಿ ಅಲ್ಲ. ನೀವು ರಿಟೈರ್ ಆದ ದಿನ ಹೆಡ್‌ಮಾಸ್ಟರ್ ಮಾಡಿದ ಭಾಷಣ. ಮಣೆ ಮೇಲೆ ಕೂತ್ಕೊಂಡೂ ನಿಮ್ಮನ್ನ ನೀವೇ ಹೊಗಳ್ಕೋತೀರಲ್ಲ!"

ಅಷ್ಟು ಅಂದಿದ್ದೇ ತಡ, ಮೊಣಕೈಯಲ್ಲಿ ಎಳ್ಳಿನಷ್ಟು ಪೊರೆ ಎದ್ದು ನಿಂತಿತು. ಇಬ್ಬರೂ ಅದನ್ನು ನೋಡಿದೆವು. ಮೇಷ್ಟ್ರು ತೋಳನ್ನು ಇನ್ನೂ ಮೇಲಕ್ಕೆ ಮಡಿಸಿ, "ಮುಂದೆ ಹೇಳು," ಅಂದರು.

ಹೇಳಿದೆ. ಎರಡು ಮಾತು ಆಡುವಷ್ಟರಲ್ಲಿ ದಾರಿ ಸಿಕ್ಕಿತು.

"ಎಕ್ಸ್‌ಕೋರಿಯೇಟ್ ಅಂತ ಒಂದು ಕ್ರಿಯಾಪದ, ಜ್ಞಾಪಕ ಇದೆಯಾ ಸಾರ್? ನಾವಾಗ ಹತ್ತನೇ ಕ್ಲಾಸು. ಪಾಠದಲ್ಲಿ ಬಂತು, ಪತ್ರಿಕೆಯವರು ಮಂತ್ರಿಯನ್ನ ಎಕ್ಸ್‌ಕೋರಿಯೇಟ್ ಮಾಡಿದ್ರು ಅಂತ. ಅತಿ ಕಟುವಾಗಿ ಟೀಕಿಸೋದು ಅಂತ ಅರ್ಥ ಬರೆಸಿದ್ರಿ. ನಾನು ಎದ್ದು ನಿಂತು ಕೇಳ್ದೆ, ಸಾರ್, ಆ ದೇಶದವರಿಗೂ ಬೈದ್ರೆ ಪೊರೆ ಏಳುತ್ತಾ, ಆ ಪದ ಎಲ್ಲಿಂದ ಬಂತು ಅಂತ. ನಿಮಗೆ ಗೊತ್ತಿರ್ಲಿಲ್ಲ. ಗೊತ್ತಿಲ್ಲ, ನೋಡಿ ಹೇಳ್ತೀನಿ ಅಂದಿದ್ರೆ ಮುಗೀತಿತ್ತು. ನೀವು ಏನಂದ್ರಿ? ಅದರೊಳಗೆ ಸ್ಕೋರ್ ಅಂತ ಇದೆ, ಸ್ಕೋರ್ ಅಂದ್ರೆ ಅಂಕ, ಅಂಕ ಕಳೆಯೋದು ಅಂತ ಮೂಲ ಅಂದ್ರಿ. ಅಲ್ಲೇ ಕಟ್ಟಿದ ಕತೆ! ಆಮೇಲೆ ಕ್ಲಾಸಿಗೆಲ್ಲ ಹೇಳಿದ್ರಿ, ಇವಳು ನೋಡ್ರೋ ಪೊರೆ ಪಂಡಿತೆ, ಪ್ರಪಂಚವೆಲ್ಲ ನಮ್ಮೂರಿನ ಹಾಗೇ ಅಂದ್ಕೊಂಡಿದಾಳೆ ಅಂತ. ಅರವತ್ತು ಜನ ನಕ್ರು. ಬೆಂಚಿನ ಮೇಲೆ ನಿಲ್ಲಿಸಿದ್ರಿ. ನಾನು ಆಮೇಲೆ ಕ್ಲಾಸಲ್ಲಿ ಒಂದು ದಿನವೂ ಕೈ ಎತ್ತಲಿಲ್ಲ. ಕೇಳೋದನ್ನೇ ಬಿಟ್ಟೆ."

ಪೊರೆ ಮೊಣಕೈಯಿಂದ ಮುಂಗೈಗೆ ಬಿಡುತ್ತಿತ್ತು. ಹಳೆಯ ಗೋಡೆಯ ಸುಣ್ಣ ಏಳುವ ಹಾಗೆ ಪದರ ಪದರವಾಗಿ.

"ಅದು ಹೋಗಲಿ, ಯಾರಿಗಾದ್ರೂ ಆಗೋ ತಪ್ಪು," ಅಂದೆ. "ಆದರೆ ಲೈಬ್ರರಿಗೆ ದೊಡ್ಡ ಡಿಕ್ಷನರಿ ಬಂದಾಗ ನೀವು ಆ ಪದ ತೆಗೆದು ನೋಡಿದ್ರಿ. ಇಲ್ಲ ಅನ್ಬೇಡಿ. ನನ್ನ ಮಗ ಅಲ್ಲೇ ಓದ್ತಿದ್ದಾಗ ಪಾಲಕರ ಸಭೆಗೆ ಬಂದವಳು ನಾನೂ ತೆಗೆದು ನೋಡ್ದೆ. ಪದದ ಪಕ್ಕದಲ್ಲಿ ನಿಮ್ಮ ಕೆಂಪು ಪೆನ್ಸಿಲಿನ ರೈಟ್ ಮಾರ್ಕು, ಕೆಳಗೆ ತಾರೀಕು. ತಾರೀಕು ಹಾಕ್ದೆ ನೀವು ಏನೂ ಓದೋರಲ್ಲವಲ್ಲ! ಎಕ್ಸ್ ಅಂದ್ರೆ ಆಚೆಗೆ, ಕೋರಿಯಂ ಅಂದ್ರೆ ತೊಗಲು. ಹಳೇ ಲ್ಯಾಟಿನ್ನಿನಲ್ಲಿ ತೊಗಲು ಸುಲಿಯೋದಕ್ಕೆ ಇದ್ದ ಮಾತು ಅದು. ಇಂಗ್ಲಿಷಿಗೆ ಬಂದ ಮೇಲೂ ಮೊದಲು ಚರ್ಮ ಕಿತ್ತುಹೋಗೋದಕ್ಕೇ ಹೇಳ್ತಿದ್ರು, ಬೈಯೋ ಅರ್ಥ ಆಮೇಲೆ ಬಂತು. ಹದಿನೈದು ವರ್ಷದ ಹುಡುಗಿ ಕೇಳಿದ್ದು ಸರಿಯಾಗೇ ಇತ್ತು. ಅದು ನಿಮಗೆ ಗೊತ್ತಾಯ್ತು, ಡಿಕ್ಷನರಿ ಮುಚ್ಚಿ ಮೇಲಿನ ಹಲಗೆಗೆ ಏರಿಸಿದ್ರಿ. ಮರುವರ್ಷ ಮತ್ತೆ ಸ್ಕೋರ್ ಅಂತಲೇ ಬರೆಸಿದ್ರಿ. ನನ್ನ ಮಗನ ನೋಟ್ಸಿನಲ್ಲೂ ಅದೇ ಇತ್ತು. ದಿನಾ ನಮ್ಮ ಬೀದೀಲೇ ಹೋಗ್ತಿದ್ರಿ, ದಿನಾ ನಾನು ನಮಸ್ಕಾರ ಅಂತಿದ್ದೆ. ಒಂದು ದಿನ ನಿಂತು, ಅಂಬುಜಾಕ್ಷಿ, ನೀನು ಕೇಳಿದ್ದು ಸರಿ ಇತ್ತಮ್ಮ ಅನ್ನೋಕೆ ಎಷ್ಟು ಹೊತ್ತು ಬೇಕಿತ್ತು? ನಿಮಗೆ ಗೊತ್ತಿಲ್ಲ ಅನ್ನೋದಕ್ಕಿಂತ ಊರಿಗೆ ಊರೇ ತಪ್ಪು ಕಲಿತ್ರೂ ಪರವಾಗಿಲ್ಲ ಅನ್ನಿಸ್ತು. ಅದು ಅಹಂಕಾರ ಸಾರ್. ಬರೀ ಅಹಂಕಾರ. ಕಟ್ಟುನಿಟ್ಟಲ್ಲ."

ಮೇಷ್ಟ್ರು ಕಣ್ಣು ಮುಚ್ಚಿದ್ದರು. ನಾನು ಮಾತು ನಿಲ್ಲಿಸಿ ಎಣ್ಣೆ ಹಚ್ಚಿ, ಎರಡೂ ಕೈಯಿಂದ ಮೆಲ್ಲಗೆ ಎಳೆದೆ. ಮೊಣಕೈಯಿಂದ ಉಗುರಿನ ಅಂಚಿನವರೆಗೆ ಒಂದು ಹರಕಿಲ್ಲದೆ ಪೊರೆ ಕಳಚಿ ಬಂತು. ನನ್ನ ಕೆಲಸದಲ್ಲಿ ಅಷ್ಟು ಇಡಿಯಾದ ಪೊರೆ ಹಿಂದೆ ಬಂದಿರಲಿಲ್ಲ. ಒಳಗಿನ ಕೈ ನಸುಗೆಂಪಾಗಿ, ಎಳೆಮಗುವಿನದರ ಹಾಗೆ ಗೆರೆಗೆರೆಯಾಗಿತ್ತು. ಅವರು ಕಣ್ಣು ಬಿಟ್ಟು ಮಣೆಯ ಅಂಚನ್ನು ಮುಟ್ಟಿದರು, ಕೊಡೆಯ ಹಿಡಿ ಮುಟ್ಟಿದರು, ತಮ್ಮ ಕೆನ್ನೆ ಮುಟ್ಟಿಕೊಂಡರು. "ಗಡ್ಡ ಇಷ್ಟು ಒರಟಾ?" ಅಂದರು.

ನಾನು ಹಗುರವಾಗಿ ಉಸಿರು ಬಿಟ್ಟು, ಕಾಫಿ ತರಲು ಎದ್ದೆ. ಅವರು ಕೈ ಅಡ್ಡ ಹಿಡಿದರು.

"ಸ್ವಲ್ಪ ಕೂತ್ಕೋ. ನೀನು ಹೇಳಿದ್ದೆಲ್ಲ ನಿಜ. ನೀನು ಕೇಳಿದ್ದು ಸರಿ ಇತ್ತಮ್ಮ. ತಪ್ಪು ನನ್ನದು. ಈಗ ನಾನೂ ಒಂದು ಮಾತು ಹೇಳ್ಬೇಕು. ನಿನ್ನೆಯಿಂದ ಇಟ್ಕೊಂಡಿದೀನಿ. ಸಂಕೋಚಕ್ಕೆ ಹೇಳಿರ್ಲಿಲ್ಲ. ನಿನ್ನೆ ಸಾಯಂಕಾಲ ಬೀಬಿಜಾನ್ ಬಂದಾಗ ದಾಕ್ಷಾಯಣಿ ಅವಳ ಕೈ ಮೇಲೆ ಮತ್ತೆ ಬರೆದು ಹೇಳಿಸಿದ್ಲು. ನಿನ್ನ ಅಂಗೈ ಮೇಲೆ ಅವಳು ಬರೆದದ್ದು ಏನು ಗೊತ್ತಾ? ಮಗಳೇ, ನಿನ್ನ ಕೈಯೂ ದಪ್ಪ ಆಗಿದೆ ಅಂತ."

ನಾನು ನನ್ನ ಅಂಗೈ ತಿರುಗಿಸಿ ನೋಡಿಕೊಂಡೆ.

"ಅದಕ್ಕೆ ನೀನು ಆಗಲಿ, ಹಾಗೇ ಮಾಡೋಣ ಅಂದೆ. ನನ್ನ ಹತ್ತಿರ ಬಂದು ಇನ್ನೊಂದು ಹೇಳಿದೆ. ಮಾತಿಲ್ಲದವಳ ಬಾಯಿಗೆ ನಿನ್ನ ಮಾತು ತುರುಕಿದೆ. ತಿಳೀಲಿಲ್ಲಮ್ಮ ಅಂದಿದ್ರೆ ಅವಳು ಇನ್ನೊಂದು ಸಲ ಬರೀತಿದ್ಲು. ಗೊತ್ತಿಲ್ಲ ಅನ್ನೋಕೆ ನಿನಗೂ ಬಾಯಿ ಬರಲಿಲ್ಲ. ನಾನು ಕ್ಲಾಸಲ್ಲಿ ಮಾಡಿದ್ದನ್ನೇ ನೀನು ಅವಳ ಮಂಚದ ಹತ್ತಿರ ಮಾಡ್ದೆ." ಮೇಷ್ಟ್ರ ಧ್ವನಿ ಏರಲಿಲ್ಲ. "ಇನ್ನೂ ಒಂದು ಇದೆ. ಎದುರಿಗೆ ಹೇಳೋದು ನಿನ್ನ ಕೆಲಸ. ಊರಿಗೆಲ್ಲ ಹೇಳ್ತೀಯ. ನನ್ನ ಕೆಂಪು ಗುರುತು ನೋಡಿ ಎಷ್ಟು ವರ್ಷ ಆಯ್ತು?"

"ಹತ್ತೊಂಬತ್ತು," ಅಂದೆ.

"ಹತ್ತೊಂಬತ್ತು ವರ್ಷ ನಮಸ್ಕಾರ ಸಾರ್ ಅಂತ ನಗ್ತಾ ಇದ್ದೆ. ಮರ್ಯಾದೆಗಲ್ಲ. ಮೇಷ್ಟ್ರಿಗಿಂತ ನಾನು ಮೇಲು ಅನ್ನೋ ಸುಖ ಒಳಗೊಳಗೇ ಇತ್ತಲ್ವಾ? ನೀನು ಅವತ್ತೇ ಬಂದು ಹೇಳಿದ್ರೆ ಆಮೇಲಿನ ಮಕ್ಕಳಾದ್ರೂ ಸರಿ ಕಲೀತಿದ್ರು. ನನ್ನ ಕೈಯೂ ಇಷ್ಟು ಆಗ್ತಿರ್ಲಿಲ್ಲ."

ಇತ್ತು. ಆ ಸುಖ ಇತ್ತು. ಒಪ್ಪಿಕೊಳ್ಳುವ ಮೊದಲೇ ನನ್ನ ಮೊಣಕೈ ಚುರುಗುಟ್ಟಿತು. ಅತ್ತೆ ಹೋಗಿ ಒಂಬತ್ತು ವರ್ಷ; ಹೇಳುವವಳಿಗೆ ಹೇಳುವ ಧೈರ್ಯ ಯಾರಿಗಿದೆ? ನನ್ನ ಗಂಡ ಒಳ್ಳೆಯವರು, ನಾನು ಕೆಮ್ಮಿದರೆ ಕೋಣೆ ಬಿಟ್ಟು ಹೋಗುತ್ತಾರೆ. ನನ್ನ ಹಿತ್ತಿಲಿನ ಕರಿಬೇವು ಸೊಂಪಾಗಿತ್ತು, ನಿಜ. ಆದರೆ ಅಷ್ಟೂ ವರ್ಷ ಅದರ ಬುಡಕ್ಕೆ ಬಿದ್ದದ್ದು ಬಂದುಹೋದವರು ಬಿಟ್ಟ ಪೊರೆ, ನಮ್ಮ ಮನೆಯದಲ್ಲ. ಮೇಷ್ಟ್ರು ತಮ್ಮ ಎಣ್ಣೆಯಲ್ಲೇ ಬೆರಳದ್ದಿ ನನ್ನ ಕೈಗೆ ಹಚ್ಚಿದರು. ಅವರಿಗೆ ಎಳೆಯಲು ಬರುತ್ತಿರಲಿಲ್ಲ, ಅಲ್ಲಲ್ಲಿ ಹರಿಯಿತು. ಒಂಬತ್ತು ವರ್ಷದ ಪೊರೆ ನೆಲಕ್ಕೆ ಬಿದ್ದಾಗ ಗರಿಗರಿ ಸದ್ದಾಯಿತು. ನಾನು ಅಳುತ್ತಿದ್ದೆ, ನಾಚಿಕೆಯಿಂದಲೋ ಹಗುರಾಗಿದ್ದಕ್ಕೋ ಗೊತ್ತಿಲ್ಲ, ಎರಡೂ ಇರಬೇಕು.

ಮೂಗು ಒರೆಸಿಕೊಂಡು ಒಳಗೆ ಹೋದೆ. ಕಾಫಿಗೆ ಹಾಲಿಟ್ಟೆ, ಉಕ್ಕಿ ಬಂತು. ಎಂದಿನ ಹಾಗೆ ಬರಿಗೈಯಲ್ಲಿ ಪಾತ್ರೆ ಹಿಡಿದೆ. "ಅಯ್ಯಪ್ಪಾ!" ಎಂದು ಕಿರುಚಿದ್ದು ಬೀದಿಯ ಕೊನೆಗೂ ಕೇಳಿಸಿರಬೇಕು. ಜಗಲಿಯಿಂದ ಮೇಷ್ಟ್ರು ನಗುವುದು ಕೇಳಿಸಿತು. ಮೂವತ್ತಾರು ವರ್ಷ ಪಾಠ ಮಾಡಿದವರು ಹಾಗೆ ನಕ್ಕಿದ್ದನ್ನು ಯಾರೂ ಕೇಳಿರಲಿಲ್ಲ. ನಾನೂ ಬೆರಳನ್ನು ತಣ್ಣೀರಿನಲ್ಲಿ ಅದ್ದಿಕೊಂಡು ನಕ್ಕೆ. ಉರಿ ಎಷ್ಟು ಚೆನ್ನಾಗಿತ್ತು ಅಂದರೆ ಇನ್ನೊಂದು ಬೆರಳೂ ಮುಟ್ಟಿಸಿ ನೋಡೋಣವೇ ಅನ್ನಿಸಿತು.

ಕಾಫಿ ಕುಡಿದು ಇಬ್ಬರೂ ಅವರ ಮನೆಗೆ ಹೊರಟೆವು. ನಮ್ಮ ಹಿತ್ತಿಲಿನ ಕರಿಬೇವಿನ ಬುಡದಲ್ಲಿ ಹುಟ್ಟಿದ ಒಂದು ಸಸಿಯನ್ನು ಮಣ್ಣಿನ ಸಮೇತ ಕಿತ್ತು ತಂದಿದ್ದೆ. ಅದನ್ನು ಮೇಷ್ಟ್ರ ಹಿತ್ತಿಲಲ್ಲಿ ನೆಟ್ಟು, ಅವರ ಪೊರೆಯನ್ನು ಬುಡಕ್ಕೆ ಹಾಕಿ ಮಣ್ಣು ಎಳೆದೆ. ನನ್ನದನ್ನು ಸೆರಗಿನಲ್ಲಿ ಕಟ್ಟಿಕೊಂಡಿದ್ದೆ, ಅದು ನಮ್ಮ ಗಿಡಕ್ಕೆ.

ಕೈ ತೊಳೆದು ಒಳಗೆ ಬಂದಾಗ ಮೇಷ್ಟ್ರು ಮಂಚದ ಅಂಚಿನಲ್ಲಿ ಕೂತಿದ್ದರು. ಕೈ ಮುಂದೆ ಹಿಡಿದಿದ್ದರು. ದಾಕ್ಷಾಯಣಮ್ಮ ಆ ಹೊಸ ಅಂಗೈಯನ್ನು ಬಹಳ ಹೊತ್ತು ಸುಮ್ಮನೆ ಸವರಿದರು. ಆಮೇಲೆ ಬೆರಳು ಊರಿ ಬರೆಯತೊಡಗಿದರು. ಮೇಷ್ಟ್ರು ಒಂದನೇ ಕ್ಲಾಸಿನ ಮಗುವಿನ ಹಾಗೆ ಕೂಡಿಸಿ ಕೂಡಿಸಿ ಓದಿದರು. "ಉ... ಗು... ರು. ಉಗುರು. ಕ... ತ್ತ... ಉಗುರು ಕತ್ತರಿಸ್ಕೊಳ್ಳಿ!" ಓದಿದ್ದೇ ಅವರ ಕಣ್ಣಲ್ಲಿ ನೀರು ಸುರಿಯಿತು. ನಾಲ್ಕು ತಿಂಗಳಿಂದ ಹೆಂಡತಿ ಹೇಳಲು ಕಾದಿದ್ದ ಮಾತುಗಳಲ್ಲಿ ಇದೂ ಒಂದು. ಅವರು ಕೈ ಹಿಂದಕ್ಕೆ ತೆಗೆಯಲಿಲ್ಲ, ಇನ್ನೂ ಬರಿ ಎನ್ನುವಂತೆ ಹಾಗೇ ಹಿಡಿದಿದ್ದರು.

ದಾಕ್ಷಾಯಣಮ್ಮ ನನ್ನ ಕಡೆ ನೋಡಿ ಸನ್ನೆ ಮಾಡಿದರು. ಹೋಗಿ ಅಂಗೈ ಕೊಟ್ಟೆ. ಬೆರಳು ಮುಟ್ಟಿದ ಕೂಡಲೇ ಮೈ ಜುಂ ಅಂದಿತು. ಬಲವಿಲ್ಲದ ಬೆರಳಲ್ಲ ಅದು. ಒಂದೊಂದು ಅಕ್ಷರವೂ ಸ್ಪಷ್ಟವಾಗಿ, ಸುತ್ತು ಬಾಲ ಸಮೇತ ತಿಳಿಯಿತು. ಮೊದಲು ಎರಡೇ ಪದ ಬರೆದರು: ಈಗ ತಿಳೀತಾ? ಆಮೇಲೆ ಗಂಡನತ್ತ ಕಣ್ಣು ಹಾಯಿಸಿ, ತುಟಿಯ ಒಂದು ಕಡೆಯಿಂದ ತುಂಟತನದಿಂದ ನಕ್ಕು, ಇನ್ನೊಂದು ಸಾಲು ಬರೆದರು.

"ಏನಂದ್ಲು?" ಮೇಷ್ಟ್ರು ಕೇಳಿದರು.

ಈ ಸಲ ನಾನು ಸುಳ್ಳು ಹೇಳಲಿಲ್ಲ. ಗೋಡೆಗೆ ಒರಗಿಸಿದ್ದ ಊಟದ ಮಣೆಯನ್ನು ತಂದು ಮಂಚದ ಪಕ್ಕಕ್ಕೆ ಹಾಕಿದೆ.

"ಇನ್ನೂ ಇದೆ ಅಂದ್ರು ಸಾರ್. ನಲವತ್ತನಾಲ್ಕು ವರ್ಷದ್ದು. ಅವರೇ ಹೇಳ್ತಾರಂತೆ."

ಮೇಷ್ಟ್ರು ಮಂಚದಿಂದ ಇಳಿದು ಮಣೆಯ ಮೇಲೆ ಕೂತು, ಎರಡೂ ಕೈ ಚಾಚಿದರು.